ಮದ್ದಿಲ್ಲದ ಸೂಜಿ

ಷಣ್ಮುಖಪ್ಪನವರ ಮನೆಯಲ್ಲಿ ರೊಟ್ಟಿ ಆರಬಾರದು. ಅದು ಆ ಮನೆಯ ಕಾನೂನು. ಹಂಚಿನಿಂದ ಎದ್ದ ರೊಟ್ಟಿ ಹಬೆಯಾಡುತ್ತ ತಟ್ಟೆಗೆ ಬೀಳಬೇಕು, ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬರಬೇಕು. ಉಣ್ಣುವವರು ಕಾಯುವಂತಿಲ್ಲ, ತಟ್ಟುವವಳು ಏಳುವಂತಿಲ್ಲ. ಷಣ್ಮುಖಪ್ಪನವರು ಕಾರ್ಖಾನೆ ಕೆಲಸಕ್ಕೆಂದು ಚನ್ನಗಿರಿ ಕಡೆಯಿಂದ ಭದ್ರಾವತಿಗೆ ಬಂದವರು. ಊರು ಬಿಟ್ಟರೂ ಜೋಳದ ರೊಟ್ಟಿ ಬಿಡಲಿಲ್ಲ. ನಿವೃತ್ತರಾದ ಮೇಲಂತೂ ಎರಡು ಹೊತ್ತೂ ಅದೇ. ಮದುವೆಯಾಗಿ ಬಂದ ಮಾರನೆಯ ದಿನದಿಂದ ಅವರು ತಿಂದ ರೊಟ್ಟಿಯನ್ನೆಲ್ಲ ತಟ್ಟಿದ್ದು ಹೆಂಡತಿ ಉಮಾಮಹೇಶ್ವರಿಯ ಬಲಗೈ.

ಎರಡು ಸಾವಿರದ ಏಳನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ ಆ ಕೈ ಕೈಕೊಟ್ಟಿತು. ಕುತ್ತಿಗೆಯಿಂದ ಹಿಡಿದು ಹೆಗಲ ಹಿಂದಿನ ರೆಕ್ಕೆ ಮೂಳೆಯವರೆಗೆ ಯಾರೋ ಹಗ್ಗ ಬಿಗಿದ ಹಾಗೆ ನೋವು. ಸೆರಗು ಹೊದೆಯಲು ಆಗದು, ತಲೆ ಬಾಚಲು ಆಗದು. ಮಾತ್ರೆ ನುಂಗಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು, ಹುರಿದ ಉಪ್ಪಿನ ಗಂಟು ಇಟ್ಟಿದ್ದಾಯಿತು. ಕೊನೆಗೆ ಮಗ ರುದ್ರೇಶ ಒಂದು ಶನಿವಾರ ತನ್ನ ಎಲೆಕ್ಟ್ರಿಕಲ್ ಅಂಗಡಿಗೆ ಬೀಗ ಹಾಕಿ, ತಾಯಿಯನ್ನು ಶಿವಮೊಗ್ಗದ ಗೋಪಾಳ ಬಡಾವಣೆಗೆ ಕರೆದುಕೊಂಡು ಹೋದ. ಅಲ್ಲಿ ವೇದಾವತಿ ಎಂಬ ಫಿಸಿಯೋಥೆರಪಿಸ್ಟ್ ಹೊಸದಾಗಿ ಕ್ಲಿನಿಕ್ ತೆರೆದಿದ್ದಳು.

ವೇದಾವತಿ ಹೆಗಲನ್ನೆಲ್ಲ ಹೆಬ್ಬೆರಳಿನಿಂದ ಒತ್ತುತ್ತ ಹೋಗಿ ಒಂದು ಕಡೆ ನಿಂತಳು. ಉಮಾಮಹೇಶ್ವರಿ "ಶಿವನೇ!" ಎಂದು ಕಿರುಚಿದಳು.

"ಇಲ್ಲೇ ಇದೆ ನೋಡಿ. ಮಾಂಸಖಂಡ ಗಂಟುಕಟ್ಟಿದೆ. ಇದನ್ನ ಸೂಜಿಯಿಂದ ಬಿಡಿಸ್ತೀನಿ."

ಕೂದಲಿನಷ್ಟು ತೆಳ್ಳಗಿನ ಸೂಜಿ. ಹೊಸ ಪೊಟ್ಟಣ ಒಡೆದು ತೆಗೆದಳು. ಉಮಾಮಹೇಶ್ವರಿ ಅದರ ಹಿಂದೆ ಮುಂದೆ ನೋಡಿದಳು.

"ಔಷಧಿ ಎಲ್ಲಮ್ಮಾ?"

"ಔಷಧಿ ಇಲ್ಲಮ್ಮ. ಬರೀ ಸೂಜಿ. ಗಂಟಿಗೆ ತಾಗಿದ ಕೂಡ್ಲೆ ಖಂಡ ಒಂದ್ಸಲ ಮಿಡುಕುತ್ತೆ, ಆಮೇಲೆ ಸಡಿಲ ಆಗುತ್ತೆ. ಒಂದು ಸರ್ತಿಗೇ ಹೋಗಲ್ಲ, ವಾರ ವಾರ ಬರ್ಬೇಕು. ಮನೇಲಿ ಕೈಗೆ ರೆಸ್ಟ್ ಕೊಡ್ಬೇಕು."

ಸೂಜಿ ಒಳಗಿಳಿದಾಗ ಮಾಂಸ ಬಲೆಗೆ ಬಿದ್ದ ಮೀನಿನಂತೆ ಪಟ್ಟನೆ ಎಗರಿತು. ಉಮಾಮಹೇಶ್ವರಿಯ ಕಣ್ಣಲ್ಲಿ ನೀರು ಬಂತು. ತನ್ನ ಮೈಯೊಳಗೆ ಇಂಥದೊಂದು ಇಷ್ಟು ದಿನ ಕೂತಿತ್ತೇ ಎಂದು ಬೆರಗಾದಳು.

ಮನೆಯಲ್ಲಿ ಷಣ್ಮುಖಪ್ಪನವರು ಕೇಳಿ ನಕ್ಕುಬಿಟ್ಟರು.

"ಔಷಧಿ ಇಲ್ಲದ ಸೂಜಿಯಾ? ಹಂಗಾದ್ರೆ ನಮ್ಮನೆ ದಬ್ಬಣ ಸಾಕಾಗಿತ್ತಲ್ಲೋ ರುದ್ರೇಶ, ಶಿವಮೊಗ್ಗಕ್ಕೆ ಯಾಕೆ ಹೋದ್ರಿ?"

"ಅಪ್ಪ, ಸುಮ್ನಿರಿ. ಅಮ್ಮ ರೊಟ್ಟಿ ತಟ್ಟಂಗಿಲ್ಲ ಅಂತ ಹೇಳಿದಾರೆ."

ನಗು ಅಲ್ಲಿಗೆ ನಿಂತಿತು. "ಮತ್ಯಾರು ತಟ್ತಾರೆ?"

ಎಲ್ಲರೂ ಸುಮನಾಳ ಕಡೆ ನೋಡಿದರು. ರುದ್ರೇಶನ ಹೆಂಡತಿ ಸುಮನಾ ಊರಿನದೇ ಖಾಸಗಿ ಹೈಸ್ಕೂಲಿನಲ್ಲಿ ಟೀಚರು. ಅಂಚೆಯಲ್ಲಿ ಪಾಠ ತರಿಸಿಕೊಂಡು ಕನ್ನಡ ಎಂ.ಎ. ಓದುತ್ತಿದ್ದಳು. ಮೇ ತಿಂಗಳಲ್ಲಿ ಕೊನೆಯ ವರ್ಷದ ಪರೀಕ್ಷೆ. ಪಾಸಾದರೆ ಅದೇ ಸಂಸ್ಥೆಯ ಪಿಯು ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಕೊಡುತ್ತೇವೆಂದು ಆಡಳಿತ ಮಂಡಳಿಯವರು ಮಾತು ಕೊಟ್ಟಿದ್ದರು. ಅವಳು ಆ ಮಾತಿನ ಮೇಲೆ ಜೀವ ಇಟ್ಟುಕೊಂಡಿದ್ದಳು.

"ನಾನು ತಟ್ತೀನಿ ಬಿಡಿ ಮಾವ. ಅತ್ತೆ ಕೈ ಸರಿಹೋಗೋವರೆಗೆ ತಾನೆ," ಎಂದಳು.

*

ನಾಲ್ಕಾರು ವಾರದಲ್ಲಿ ಕೈ ಸರಿಹೋಯಿತು. ಕಥೆ ಇಲ್ಲಿಗೇ ಮುಗಿಯಬೇಕಿತ್ತು.

ಆದರೆ ಆ ವಾರಗಳಲ್ಲಿ ಉಮಾಮಹೇಶ್ವರಿ ಕಾಣದ್ದನ್ನೆಲ್ಲ ಕಂಡುಬಿಟ್ಟಿದ್ದಳು. ಬೆಳಿಗ್ಗೆ ಗಂಡ ತಾನೇ ಕಾಫಿ ಲೋಟ ತಂದು ಮುಂದಿಟ್ಟು "ಹೆಂಗಿದೆ ಕೈ?" ಎಂದು ಕೇಳುತ್ತಿದ್ದರು. ಮೊಮ್ಮಗಳು ಇಂಪನಾ ತಟ್ಟೆ ತಂದುಕೊಡುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ದಿನಾ ಬೆಳಿಗ್ಗೆ ಸುಮನಾ ಅವಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿ ತುರುಬು ಕಟ್ಟುತ್ತಿದ್ದಳು. ತಾಯಿ ಸತ್ತ ಮೇಲೆ ಅವಳ ತಲೆಗೆ ಇನ್ನೊಬ್ಬರ ಬೆರಳು ತಾಗಿದ್ದೇ ಇರಲಿಲ್ಲ. ಬಾಚುತ್ತ ಸುಮನಾ ಸ್ಕೂಲಿನ ಸುದ್ದಿ ಹೇಳುತ್ತಿದ್ದಳು, ಹೆಡ್ ಮಾಸ್ಟರನ್ನು ಅಣಕಿಸುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಕಿಸಕ್ಕನೆ ನಗುತ್ತಿದ್ದರು.

ಇನ್ನು ಶನಿವಾರ. ಮೊದಲೆರಡು ಸಲ ರುದ್ರೇಶ ಬಂದ, ಆಮೇಲೆ ಅವಳೊಬ್ಬಳೇ ಬಸ್ಸು ಹತ್ತಿದಳು. ಸೂಜಿ ಹಾಕಿಸಿಕೊಂಡು ಬಂದು, ಶಿವಮೊಗ್ಗದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಫ್ಯಾಮಿಲಿ ರೂಮಿನ ಮೂಲೆಯ ಟೇಬಲ್ ಹಿಡಿದು ಮಸಾಲೆ ದೋಸೆ ತಿನ್ನುತ್ತಿದ್ದಳು. ಬೇರೆಯವರು ಬೇಯಿಸಿದ್ದನ್ನು, ಬಿಸಿಬಿಸಿಯಾಗಿ, ಕೂತುಕೊಂಡು. ಮೊದಲ ಸಲ ತಿನ್ನುವಾಗ ಯಾರಾದರೂ ನೋಡಿಯಾರು ಎಂದು ಸೆರಗು ಮುಂದೆಳೆದುಕೊಂಡಿದ್ದಳು. ಮೂರನೆಯ ಸಲಕ್ಕೆ ಇನ್ನೊಂದು ಬಟ್ಟಲು ಚಟ್ನಿ ಕೇಳುವಷ್ಟು ಧೈರ್ಯ ಬಂದಿತ್ತು.

ಶಿವರಾತ್ರಿ ಕಳೆದ ಮೇಲಿನ ಒಂದು ಶನಿವಾರ ವೇದಾವತಿ ಹೆಗಲನ್ನು ಒತ್ತಿ ಒತ್ತಿ ನೋಡಿ ಸೂಜಿಯ ಪೊಟ್ಟಣವನ್ನು ಒಡೆಯದೆ ಕೆಳಗಿಟ್ಟಳು.

"ಗಂಟು ಪೂರ್ತಿ ಬಿಟ್ಟಿದೆಯಲ್ಲಮ್ಮ. ಕೈ ಮೇಲೆತ್ತಿ ನೋಡೋಣ."

ಉಮಾಮಹೇಶ್ವರಿ ಅರ್ಧ ಎತ್ತಿ ಮುಖ ಕಿವುಚಿದಳು. "ಇನ್ನೂ ನೋವಿದೆ ಡಾಕ್ಟ್ರಮ್ಮ."

"ಎಲ್ಲಿ?"

"ಇಲ್ಲಿ... ಅಲ್ಲ, ಇಲ್ಲಿ."

ವೇದಾವತಿ ಹೆಗಲಿನಿಂದ ಕೈ ತೆಗೆದಳು. "ಅಮ್ಮ, ಇದರಲ್ಲಿ ಔಷಧಿ ಇಲ್ಲ, ಗಂಟು ಇದ್ರೆ ಮಾತ್ರ ಇದಕ್ಕೆ ಕೆಲಸ. ಇಲ್ಲದ ಗಂಟಿಗೆ ನಾನು ಚುಚ್ಚಲ್ಲ."

ಉಮಾಮಹೇಶ್ವರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಮನೇಲಿ ಹೇಳ್ಬೇಡಮ್ಮ. ಇನ್ನು ಸ್ವಲ್ಪ ದಿನ," ಎಂದು ಅವಳ ಕೈ ಹಿಡಿದುಕೊಂಡಳು.

"ನಾನು ಯಾರಿಗೂ ಹೇಳಲ್ಲ. ನೀವೇ ಹೇಳ್ಬೇಕು ಅಷ್ಟೆ."

ಹೇಳಬೇಕೆಂದೇ ಅವಳು ಅವತ್ತು ಬಸ್ಸು ಹತ್ತಿದ್ದಳು. ಮನೆ ಮುಟ್ಟಿದಾಗ ಷಣ್ಮುಖಪ್ಪನವರು ಬಾಗಿಲಲ್ಲೇ "ಬಿಸಿಲಲ್ಲಿ ಬಂದಿದೀಯ, ಕೂತ್ಕೋ" ಎಂದು ಫ್ಯಾನು ಹಾಕಿದರು. ಒಳಗಿನಿಂದ ಸುಮನಾ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ನಾಳೆ ಹೇಳಿದರಾಯಿತು ಎಂದು ಉಮಾಮಹೇಶ್ವರಿ ಕೂತಳು. ಮುಂದಿನ ಶನಿವಾರವೂ ಶಿವಮೊಗ್ಗಕ್ಕೆ ಹೊರಟಳು. ಗೋಪಾಳಕ್ಕೆ ಹೋಗಲಿಲ್ಲ, ಹೋಟೆಲಿಗೆ ಹೋದಳು.

*

ಸುಳ್ಳು ಹೇಳಿ ಅಭ್ಯಾಸವಿಲ್ಲದವರಿಗೆ ಸುಳ್ಳು ಬಹಳ ದುಡಿಸುತ್ತದೆ. ಉಮಾಮಹೇಶ್ವರಿ ಎಡಗೈಯಲ್ಲಿ ಲೋಟ ಹಿಡಿಯುವುದನ್ನು ನೆನಪಿಟ್ಟುಕೊಳ್ಳಬೇಕಿತ್ತು, ಮಂಚದಿಂದ ಏಳುವಾಗ "ಅಯ್ಯಪ್ಪ" ಎನ್ನಬೇಕಿತ್ತು. ಅತ್ತ ಸುಮನಾ ಹೊತ್ತು ಮೂಡುವ ಮುಂಚೆ ಎದ್ದು ಹಿಟ್ಟು ನಾದಿ, ಪಲ್ಯ ಮಾಡಿ, ರೊಟ್ಟಿ ತಟ್ಟಿ, ಇಂಪನಾಳಿಗೆ ಜಡೆ ಹಾಕಿ, ಅತ್ತೆಗೆ ತುರುಬು ಕಟ್ಟಿ ಸ್ಕೂಲಿಗೆ ಓಡುತ್ತಿದ್ದಳು. ಸಂಜೆ ಬಂದು ಮತ್ತೆ ರೊಟ್ಟಿ. ಪುಸ್ತಕ ಅಡುಗೆಮನೆಯ ಕಿಟಕಿಯಲ್ಲಿ ತೆರೆದುಕೊಂಡಿರುತ್ತಿತ್ತು. ಅದರ ಹಾಳೆಗಳಿಗೆಲ್ಲ ಜೋಳದ ಹಿಟ್ಟು ಮೆತ್ತಿತ್ತು.

ಏಪ್ರಿಲ್ ಹೊತ್ತಿಗೆ ತಲೆ ಬಾಚುವಾಗಿನ ಮಾತು ಕಡಿಮೆಯಾಯಿತು. ಸುಮನಾಳಿಗೆ ದಣಿವಾಗಿರಬೇಕು ಎಂದುಕೊಂಡಳು ಉಮಾಮಹೇಶ್ವರಿ. ಒಂದು ದಿನ ಸೊಸೆ ಬಾಗಿಲ ಚೌಕಟ್ಟಿಗೆ ಬಲಹೆಗಲನ್ನು ಒತ್ತಿ ಒತ್ತಿ ಉಜ್ಜುತ್ತಿದ್ದುದನ್ನು ಕಂಡಳು. ತಾನೂ ಮೊದಮೊದಲು ಹೀಗೇ ಉಜ್ಜಿಕೊಳ್ಳುತ್ತಿದ್ದುದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಏನಾಯ್ತೇ?"

"ಏನಿಲ್ಲ ಅತ್ತೆ. ಬರ್ದು ಬರ್ದು ಹಿಡ್ಕೊಂಡಿದೆ."

"ಗೋಪಾಳಕ್ಕೆ ಹೋಗ್ಬಾ ಒಂದ್ಸಲ."

"ಯಾವಾಗ ಹೋಗ್ಲಿ?" ಎಂದಳು ಸುಮನಾ. ಅದನ್ನು ಅವಳು ಕೇಳಿದ್ದು ಜಗಳದ ದನಿಯಲ್ಲಲ್ಲ.

ಅವತ್ತು ಸಂಜೆ ಊಟದಲ್ಲಿ ಷಣ್ಮುಖಪ್ಪನವರು ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದರು.

"ಅಂಚೆಲ್ಲ ಸೀಳಿದೆ. ಯಾಕಮ್ಮ ಸುಮನಾ, ಮನಸ್ಸೆಲ್ಲಿದೆ?"

"ಅಪ್ಪ, ಅವಳಿಗೆ ಪರೀಕ್ಷೆ ಹತ್ರ ಬಂತು," ಎಂದ ರುದ್ರೇಶ.

"ಪರೀಕ್ಷೆ ಇದ್ರೆ ಊಟ ಬೇಡ್ವೇನೋ? ನಿಮ್ಮಮ್ಮ ಜ್ವರ ಇದ್ದಾಗ್ಲೂ ಹಿಂಗೆ ತಟ್ಟಿರ್ಲಿಲ್ಲ."

"ಒಂದ್ ತಿಂಗ್ಳು ಅನ್ನ ಉಂಡ್ರೆ ಏನಾಗುತ್ತೆ?"

"ನೀನು ಉಣ್ಣು. ನನಗೆ ಅನ್ನ ಹೊಟ್ಟೇಲಿ ನಿಲ್ಲಲ್ಲ."

ಒಲೆಯ ಮುಂದೆ ಸುಮನಾ ಬೆನ್ನು ತಿರುಗಿಸಿಕೊಂಡೇ ಇನ್ನೊಂದು ಉಂಡೆಗೆ ಕೈಹಾಕಿದಳು. ತಟ್ಟುವ ಸದ್ದು ನಡುನಡುವೆ ನಿಂತು ಮತ್ತೆ ಶುರುವಾಗುತ್ತಿತ್ತು. ನಿಂತಾಗಲೆಲ್ಲ ಉಮಾಮಹೇಶ್ವರಿಯ ಕೈ ತಾನಾಗಿ ಮೇಲೇಳಲು ಹೊರಡುತ್ತಿತ್ತು. ಏಳು, ಆ ರೊಟ್ಟಿ ಹಲಗೆ ಇಸಿದುಕೋ ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಆದರೆ ಈಗ ಎದ್ದರೆ ಇಷ್ಟು ದಿನ ಯಾಕೆ ಏಳಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅವಳು ತಟ್ಟೆಯಲ್ಲಿದ್ದ ಬದನೆಕಾಯಿ ಎಣ್ಣೆಗಾಯಿಯನ್ನು ಎಡಗೈಯಲ್ಲೇ ಕಲಸುತ್ತ ಕೂತಳು.

*

ಪರೀಕ್ಷೆಯ ಕೊನೆಯ ಪೇಪರಿನ ದಿನ ಸುಮನಾ ಶಿವಮೊಗ್ಗದಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಜಗಲಿಯ ಮೇಲೆ ಕೂತುಬಿಟ್ಟಳು.

"ಹೆಂಗಾಯ್ತೇ?" ಎಂದು ಕೇಳಿದಳು ಉಮಾಮಹೇಶ್ವರಿ.

"ಎಲ್ಲಾ ಗೊತ್ತಿತ್ತು ಅತ್ತೆ. ಎರಡು ಗಂಟೆ ಬರ್ದೆ. ಆಮೇಲೆ ಕೈ ಏಳಲಿಲ್ಲ. ಎಡಗೈಯಲ್ಲಿ ಬಲಗೈ ಹಿಡ್ಕೊಂಡು ಒಂದು ಪುಟ ಬರ್ದೆ. ಆಮೇಲೆ ಅದೂ ಆಗಲಿಲ್ಲ." ಅವಳು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಅವತ್ತು ಉಮಾಮಹೇಶ್ವರಿ ನೀರನ್ನೂ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಯಾರನ್ನೂ ಕೇಳದೆ ಸೊಸೆಯನ್ನು ಹೊರಡಿಸಿ ಗೋಪಾಳಕ್ಕೆ ಕರೆದುಕೊಂಡು ಹೋದಳು. ವೇದಾವತಿ ಇಬ್ಬರನ್ನೂ ನೋಡಿದಳು. ಸುಮನಾಳ ಹೆಗಲನ್ನು ಒತ್ತುತ್ತ ಹೋಗಿ ಒಂದು ಕಡೆ ನಿಂತಳು. ಉಮಾಮಹೇಶ್ವರಿಗೆ ಆ ಜಾಗ ಮೊದಲೇ ಗೊತ್ತಿತ್ತು. ಸೂಜಿ ಇಳಿಯಿತು. ಮಾಂಸ ಎಗರಿತು. ಸುಮನಾ ಹಲ್ಲು ಕಚ್ಚಿ ಅತ್ತೆಯ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಉಮಾಮಹೇಶ್ವರಿ ನೋವಿನ ನಟನೆಯನ್ನೂ ಮರೆತು ಹಾಗೇ ನಿಂತಿದ್ದಳು.

ಹೊರಗೆ ಬಂದ ಮೇಲೆ ಅವಳಿಗೆ ಒಂದೇ ಯೋಚನೆ. ಹುಡುಗಿ ಬೆಳಗಿನಿಂದ ಏನೂ ತಿಂದಿಲ್ಲ, ಏನಾದರೂ ತಿನ್ನಿಸಬೇಕು. ಆ ಗಡಿಬಿಡಿಯಲ್ಲಿ ಕಾಲುಗಳು ರೂಢಿಯ ದಾರಿಯನ್ನೇ ಹಿಡಿದವು. ಮೂಲೆಯ ಟೇಬಲ್ಲಿನಲ್ಲಿ ಕೂತ ಮೇಲೆ ಸಪ್ಲೈಯರ್ ಓಬಯ್ಯ ನೀರಿನ ಲೋಟ ಇಟ್ಟು ನಕ್ಕ.

"ಏನಮ್ಮಾ, ಈ ಸಲ ಜೊತೆಗೆ ಕರ್ಕೊಂಡ್ ಬಂದಿದೀರ! ಮಾಮೂಲಿನಂಗೇ ಮಸಾಲೆನಾ, ಎರಡು ತರ್ಲಾ? ಚಟ್ನಿ ಜಾಸ್ತಿ?"

ಉಮಾಮಹೇಶ್ವರಿ ಸೆರಗು ಮುಂದೆಳೆದುಕೊಂಡಳು. "ತಗೊಂಡ್ ಬಾರಪ್ಪ," ಎಂದಳು. ಅವನು ಹೋದ.

ಸುಮನಾ ಟೇಬಲ್ಲಿನ ಮೇಲಿದ್ದ ಉಪ್ಪಿನ ಡಬ್ಬಿಯನ್ನು ನೋಡುತ್ತಿದ್ದಳು.

"ಸುಮನಾ, ನನ್ನ ಕೈ..."

"ಗೊತ್ತು ಅತ್ತೆ."

"ಏನು ಗೊತ್ತು?"

"ವಾಸಿ ಆಗಿದೆ ಅಂತ. ಶಿವರಾತ್ರಿ ಆದ್ಮೇಲಿಂದ ಗೊತ್ತು." ಸುಮನಾ ಉಪ್ಪಿನ ಡಬ್ಬಿಯನ್ನು ಸರಿಸಿದಳು. "ನಾನು ತುರುಬು ಎಡಕ್ಕೆ ಸುತ್ತಿ ಕಟ್ತೀನಿ. ನೀವು ಶನಿವಾರ ಶಿವಮೊಗ್ಗದಿಂದ ಬರ್ತಿದ್ದಾಗ ಅದು ಬಲಕ್ಕೆ ಸುತ್ತಿರ್ತಿತ್ತು. ಬಸ್ಸಿನ ಗಾಳಿಗೆ ಬಿಚ್ಚಿರುತ್ತೆ, ನೀವೇ ಕಟ್ಕೊಂಡಿರ್ತೀರ. ಎರಡೂ ಕೈ ತಲೆ ಮೇಲೆ ಎತ್ತದೆ ತುರುಬು ಕಟ್ಟೋಕಾಗಲ್ಲ."

ಉಮಾಮಹೇಶ್ವರಿಯ ಕೈ ತಾನಾಗಿ ತುರುಬಿಗೆ ಹೋಯಿತು.

"ಮತ್ತೆ ಯಾಕೆ ಕೇಳ್ಲಿಲ್ವೇ ನೀನು?"

"ಕೇಳಿ, ಸೊಸೆ ಅನ್ನಿಸ್ಕೊಂಡೋಳು ಅತ್ತೇನ ಸುಳ್ಳುಗಾತಿ ಅನ್ಬೇಕಿತ್ತಾ? ದಿನಾ ಬೆಳಿಗ್ಗೆ ತಲೆ ಬಾಚ್ತಾ ಇವತ್ತು ಹೇಳ್ತಾರೆ, ಇವತ್ತು ಹೇಳ್ತಾರೆ ಅಂತ ಕಾದೆ. ಪರೀಕ್ಷೆ ಶುರುವಾಗೋ ದಿನಾನೂ ಕಾದೆ."

"ಸುಸ್ತಾಗಿತ್ತು ಕಣೇ," ಎಂದಳು ಉಮಾಮಹೇಶ್ವರಿ. "ನಿನ್ನ ಮೇಲೆ ಕೋಪ ಇಲ್ಲ, ಏನಿಲ್ಲ. ಸುಸ್ತಾಗಿತ್ತು ಅಷ್ಟೆ. ನೋವು ಅಂದ್ರೆ ಮನೇಲಿ ಕೂರೋಕೆ ಬಿಡ್ತಾರೆ. ಸುಸ್ತು ಅಂದ್ರೆ ಯಾರು ಬಿಡ್ತಾರೆ?"

"ನಂಗೂ ಸುಸ್ತಾಗ್ತಿತ್ತು ಅತ್ತೆ."

ದೋಸೆ ಬಂತು. ಸುಮನಾ ಎಡಗೈಯಲ್ಲಿ ಒಂದು ಚೂರು ಮುರಿದಳು, ತಿನ್ನಲಿಲ್ಲ. ಉಮಾಮಹೇಶ್ವರಿಯ ದೋಸೆ ಹಾಗೇ ಆರಿತು. ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕದಲ್ಲೇ ಕೂತರು. ಭದ್ರಾವತಿ ಬರುವವರೆಗೆ ಸುಮನಾ ಕಿಟಕಿಯ ಕಡೆಯೇ ಮುಖ ಮಾಡಿದ್ದಳು.

*

ಅವತ್ತು ಸಂಜೆ ಉಮಾಮಹೇಶ್ವರಿ ಸೊಸೆಯ ಕೈಯಿಂದ ರೊಟ್ಟಿ ಹಲಗೆ ಕಸಿದುಕೊಂಡು ಒಲೆಯ ಮುಂದೆ ಕೂತಳು. ಸದ್ದು ಕೇಳಿ ಷಣ್ಮುಖಪ್ಪನವರು ಒಳಗೆ ಬಂದರು.

"ಏನೇ ಇದು? ಕೈ?"

"ಕೈ ವಾಸಿಯಾಗಿ ಎರಡು ತಿಂಗಳ ಮೇಲಾಯ್ತು. ನಾನೇ ಹೇಳಿರ್ಲಿಲ್ಲ."

"ಹಂಗಂದ್ರೆ... ಇಷ್ಟು ದಿನ ನಾಟಕವಾ?"

"ಹೌದು. ನಾಟಕ."

ರುದ್ರೇಶ ಬಾಗಿಲಲ್ಲಿ ನಿಂತುಬಿಟ್ಟ. "ಅಮ್ಮ, ಸುಮನಾ ಪರೀಕ್ಷೆ..."

"ಗೊತ್ತಪ್ಪ. ಅದು ನನ್ನ ತಲೆ ಮೇಲಿರುತ್ತೆ. ನಾನು ಸಾಯೋವರೆಗೂ ಇರುತ್ತೆ."

ಷಣ್ಮುಖಪ್ಪನವರ ಮುಖ ಕೆಂಪಾಯಿತು. "ನಾಚಿಕೆ ಆಗ್ಲಿಲ್ವೇ ನಿನಗೆ? ಆ ಹುಡುಗಿ ಒದ್ದಾಡ್ತಿದ್ರೆ ನೋಡ್ತಾ ಕೂತಿದ್ದೆಯಲ್ಲ!"

"ಆಯ್ತು. ನೋಡ್ತಾ ಕೂತಿದ್ದೆ." ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ ಅವರ ಕಡೆ ತಿರುಗಿದಳು. "ನೀವು ಎಲ್ಲಿ ಕೂತಿದ್ರಿ? ಪಕ್ಕದಲ್ಲೇ ತಟ್ಟೆ ಇಟ್ಕೊಂಡು ಕೂತಿದ್ರಲ್ಲ. ರೊಟ್ಟಿ ಅಂಚು ಸೀಳಿದ್ದು ಕಾಣ್ತು, ಅವಳ ಕೈ ಕಾಣ್ಲಿಲ್ಲ."

ಷಣ್ಮುಖಪ್ಪನವರು ಕಣ್ಣು ತಪ್ಪಿಸಿ ಹಂಚಿನ ಕಡೆ ನೋಡಿದರು.

"ಇವತ್ತಿಂದ ದಿನಕ್ಕೆ ಒಂದೇ ಸಲ ತಟ್ಟೋದು. ಬೆಳಿಗ್ಗೆನೇ ಎಲ್ಲಾ ತಟ್ಟಿ ಬಟ್ಟೇಲಿ ಸುತ್ತಿ ಇಡ್ತೀನಿ. ರಾತ್ರಿ ಆರಿದ್ದು ತಿನ್ನೋರು ತಿನ್ಲಿ, ಇಲ್ದಿದ್ರೆ ಅನ್ನ ಇದೆ."

ಅವರು ಎರಡು ದಿನ ಮುನಿಸಿಕೊಂಡು ಬಾಳೆಹಣ್ಣು ತಿಂದು ಮಲಗಿದರು. ಮೂರನೆಯ ದಿನ ಬಟ್ಟೆ ಬಿಚ್ಚಿ ಒಂದು ರೊಟ್ಟಿ ತೆಗೆದುಕೊಂಡು ಚಟ್ನಿಪುಡಿ ಹಚ್ಚಿಕೊಂಡರು. ಆರಿದ ರೊಟ್ಟಿಯನ್ನು ಕಟಕಟ ಕಡಿಯುವ ಸದ್ದು ಅಡುಗೆಮನೆಗೆ ಕೇಳಿಸಿತು.

ಹೋಟೆಲಿನಿಂದ ಬಂದ ದಿನದಿಂದ ಸುಮನಾ ಅತ್ತೆಯ ತಲೆ ಬಾಚಲಿಲ್ಲ. ಬಾಚುವ ಅಗತ್ಯವೂ ಇರಲಿಲ್ಲ. ಮಾತಾಡುತ್ತಿದ್ದಳು, ಮರ್ಯಾದೆಗೆ ಕಡಿಮೆ ಮಾಡಲಿಲ್ಲ, "ಅತ್ತೆ, ಹಾಲು ಬಂತು" ಎನ್ನುತ್ತಿದ್ದಳು. ಹೆಡ್ ಮಾಸ್ಟರನ್ನು ಮಾತ್ರ ಅಣಕಿಸಲಿಲ್ಲ. ಉಮಾಮಹೇಶ್ವರಿ ಬೆಳಿಗ್ಗೆ ಒಬ್ಬಳೇ ಕನ್ನಡಿಯ ಮುಂದೆ ಕೂತು, ಎರಡೂ ಕೈ ತಲೆಯ ಮೇಲೆತ್ತಿ ತುರುಬು ಕಟ್ಟಿಕೊಳ್ಳುವಾಗ ತನ್ನ ಗಟ್ಟಿಮುಟ್ಟಾದ ಬಲಗೈಯನ್ನು ನೋಡಿ ನಾಚುತ್ತಿದ್ದಳು. ಅದರಲ್ಲೊಂದು ಚೂರು ನೋವು ಉಳಿದಿದ್ದರೂ ಸಮಾಧಾನವಿರುತ್ತಿತ್ತು.

ಶ್ರಾವಣದಲ್ಲಿ ಫಲಿತಾಂಶ ಬಂತು. ಕೊನೆಯ ಪೇಪರು ಹೋಗಿತ್ತು. ಕಾಲೇಜಿನ ಕೆಲಸ ಇನ್ನೊಬ್ಬರ ಪಾಲಾಯಿತು. "ಬರೋ ವರ್ಷ ಮತ್ತೆ ಕಟ್ಟಿದ್ರಾಯ್ತು ಬಿಡಿ," ಎಂದು ಸುಮನಾ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟಳು. ಯಾರೂ ಉಮಾಮಹೇಶ್ವರಿಯನ್ನು ದೂರಲಿಲ್ಲ. ಒಬ್ಬರಾದರೂ ಬೈದಿದ್ದರೆ ಎದುರು ನಿಂತು ಕೇಳಿಸಿಕೊಳ್ಳುತ್ತಿದ್ದಳು. ದೇವರ ಗೂಡಿನ ಮುಂದೆ ಕೂತು, ಶಿವನೇ, ಅವಳ ನೋವು ನನಗೆ ಕೊಡು ಎಂದು ಬೇಡಿದಳು. ಬೇಡಿದ ಮೇಲೆ, ಈಗ ಬೇಡಿ ಏನು ಬಂತು ಎಂದು ತನ್ನನ್ನೇ ಬೈದುಕೊಂಡಳು.

ಗೌರಿ ಹಬ್ಬ ಹತ್ತಿರ ಬಂದಾಗ ಒಂದು ಭಾನುವಾರ ಬೆಳಿಗ್ಗೆ ಅವಳು ರೊಟ್ಟಿ ಮುಗಿಸಿ, ಕೈ ತೊಳೆದು, ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಸುಮನಾ ಬಟ್ಟೆ ಒಗೆಯುತ್ತಿದ್ದವಳು ನಡುವೆಯೇ ಎದ್ದು ಬಂದಳು. ಕೈಯಲ್ಲಿನ್ನೂ ಸೋಪಿನ ನೊರೆಯಿತ್ತು. ಅತ್ತೆಯ ಕೆಳಗಿನ ಮೆಟ್ಟಿಲ ಮೇಲೆ ಬೆನ್ನು ಮಾಡಿ ಕೂತು, ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು.

"ಮತ್ತೆ ಹಿಡ್ಕೊಂಡಿದೆ ಅತ್ತೆ. ಒಂಚೂರು ಒತ್ತಿ."

ಉಮಾಮಹೇಶ್ವರಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಎಲ್ಲಿ ಎಂದು ಕೇಳಬೇಕಾಗಿರಲಿಲ್ಲ. ಹೆಬ್ಬೆರಳು ನೇರವಾಗಿ ಹೋಗಿ ಗಂಟಿನ ಮೇಲೆ ಕೂತಿತು. ಒತ್ತಿದಳು. ಸುಮನಾಳ ಬೆನ್ನು ಬಿಗಿಯಿತು. ಉಮಾಮಹೇಶ್ವರಿ ಗಾಬರಿಯಾಗಿ ಬೆರಳು ಸಡಿಲ ಬಿಟ್ಟಳು.

"ಜೋರಾಗಿ ಒತ್ತಿ."

"ನೋಯುತ್ತೆ ಕಣೇ ಮಾರಾಯ್ತಿ."

"ನೋಯ್ಲಿ. ನಿಮ್ಮ ಕೈಗೆ ಏನೂ ಆಗಿಲ್ವಲ್ಲ, ಒತ್ತಿ," ಎಂದಳು ಸುಮನಾ.

ಉಮಾಮಹೇಶ್ವರಿ ಕಣ್ಣೊರೆಸಿಕೊಳ್ಳಲು ಕೈ ಬಿಡಲಿಲ್ಲ. ತನ್ನ ಬಲವನ್ನೆಲ್ಲ ಹೆಬ್ಬೆರಳಿಗೆ ತಂದು ಒತ್ತಿದಳು.